ಕ್ರಿಸ್ಮಸ್ ಕಾರ್ಡಿನ ಎತ್ತು, ಕತ್ತೆ ಬೈಬಲ್‌ನಲ್ಲಿ ಎಲ್ಲಿವೆ?

ಮಲ್ಲೇಶ್ವರದ ಮಳೆ

ಒಂದು ಸಣ್ಣ ಪ್ರಶ್ನೆ. ಆಫೀಸಿನಲ್ಲಿ ಒಬ್ಬರು ಕ್ರಿಸ್ಮಸ್ ಕಾರ್ಡ್ ಕೊಟ್ಟರು. ಮೇಲೆ ಜೊತ್ತೊ ಅನ್ನುವ ಹಳೆಯ ಚಿತ್ರಕಾರ ಬರೆದ ಯೇಸುವಿನ ಜನನದ ಚಿತ್ರ. ಇಟಲಿಯ ಪಾದುವಾ ಊರಿನ ಸ್ಕ್ರೊವೆನ್ಯಿ ಚಾಪೆಲ್‌ನ ಗೋಡೆಯದ್ದು, 1305ರ ಸುಮಾರಿನದ್ದು ಅಂತ ಹಿಂದೆ ಅಚ್ಚಾಗಿದೆ. ಮರದ ಚಪ್ಪರ, ಅದರ ಕೆಳಗೆ ಮಲಗಿರುವ ಮರಿಯ, ಮಗುವನ್ನು ಹಿಡಿಯಲು ನೆರವಾಗುತ್ತಿರುವ ಒಬ್ಬ ಹೆಂಗಸು, ಗೋದಲಿ (ದನದ ಮೇವಿನ ತೊಟ್ಟಿ) ಪಕ್ಕದಲ್ಲೇ ಎತ್ತು ಮತ್ತು ಕತ್ತೆ. ಕೆಳಗೆ ಮರಿಯಳ ಗಂಡ ಯೋಸೇಫ ತೂಕಡಿಸುತ್ತಾ ಕೂತಿದ್ದಾನೆ.

ಐದನೇ ಕ್ಲಾಸಿನ ಮಗಳು ಕೇಳಿದಳು, "ಅಪ್ಪಾ, ಇದೆಲ್ಲ ಬೈಬಲ್‌ನಲ್ಲಿ ಬರೆದಿದೆಯಾ?" ಕಾಲೇಜಿನಲ್ಲಿದ್ದಾಗ ಯಾರೋ ಹಂಚಿದ ಕನ್ನಡ ಬೈಬಲ್ ಮನೆಯಲ್ಲಿದೆ. ಅದರಲ್ಲಿ ಯೇಸುವಿನ ಕಥೆ ಹೇಳುವ ಲೂಕನ ಪುಸ್ತಕದ ಎರಡನೇ ಅಧ್ಯಾಯ ತೆಗೆದು ಓದಿದೆ. ಗೋದಲಿ ಇದೆ. ಬಟ್ಟೆಯಲ್ಲಿ ಸುತ್ತಿದ್ದು ಇದೆ. ಕುರುಬರಿದ್ದಾರೆ. ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅದೇ ಕಥೆ ಹೇಳುವ ಮತ್ತಾಯನಲ್ಲಿ ಗೋದಲಿಯೇ ಇಲ್ಲ. ಹಾಗಾದ್ರೆ ಇವು ಎಲ್ಲಿಂದ ಬಂದವು? ಗೋದಲಿ ಅಂದ ಮೇಲೆ ದನ ಇರಲಿ ಬಿಡು ಅಂತ ಚಿತ್ರಕಾರ ಸುಮ್ನೆ ಸೇರಿಸಿದನಾ?

ಕುಡ್ಲದ ಬಾಯಿ

ಕ್ರಿಸ್ಮಸ್‌ಗೆ ನಮ್ಮ ಮನೆಯಲ್ಲಿ ಇಡುವ ಗೊಂಬೆಗಳ ಗೋದಲಿಯಲ್ಲೂ ಎರಡೂ ಇವೆ ಮಾರಾಯ್ರೇ. ಕತ್ತೆಯ ಒಂದು ಕಿವಿ ಹೋಗಿ ಹತ್ತು ವರ್ಷ ಆಯ್ತು. ಪ್ರತಿ ಡಿಸೆಂಬರ್‌ನಲ್ಲಿ ಆ ಕಿವಿ ಗೋಡೆ ಕಡೆಗೆ ಬರುವ ಹಾಗೆ ತಿರುಗಿಸಿ ಇಡುತ್ತೇನೆ.

ಉತ್ತರ ಲೂಕನಲ್ಲಿ ಸಿಗುವುದಿಲ್ಲ. ಯೆಶಾಯ ಅನ್ನುವ ಪ್ರವಾದಿಯ ಪುಸ್ತಕದ ಮೊದಲ ಅಧ್ಯಾಯದ ಮೂರನೇ ವಚನ ತೆಗೆಯಿರಿ. ಎತ್ತಿಗೆ ತನ್ನ ಯಜಮಾನ ಯಾರು ಅಂತ ಗೊತ್ತು, ಕತ್ತೆಗೆ ತನ್ನ ಒಡೆಯನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಏನೂ ತಿಳಿಯದು ಅಂತ ದೇವರು ನೊಂದುಕೊಳ್ಳುವ ಜಾಗ ಅದು. ನಾನು ಚಿಕ್ಕವಳಿದ್ದಾಗ ನಮ್ಮ ಫಾದರ್ ಒಬ್ಬರು ಇದನ್ನು ಹೇಳಿಕೊಟ್ಟಿದ್ದರು. ಗೋದಲಿ ಅನ್ನುವ ಒಂದೇ ಪದ ಎರಡು ಕಡೆ ಬಂತು ನೋಡಿ, ಅದೇ ಕೊಂಡಿ.

ಬಣ್ಣದ ಡಬ್ಬಿ

ಬಾಯಿ ಹೇಳಿದ್ದು ಸರಿ. ಚಿತ್ರಕಲೆ ಪಾಠ ಮಾಡುವವಳು ನಾನು, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹಳೆಯ ಒಡಂಬಡಿಕೆಯ (ಬೈಬಲ್‌ನಲ್ಲಿ ಯೇಸುವಿಗಿಂತ ಹಿಂದಿನ ಭಾಗ) ಪ್ರವಾದಿಗಳು ಹೇಳಿದ್ದೆಲ್ಲ ಯೇಸುವಿನಲ್ಲಿ ನಡೆಯಿತು ಅಂತ ಆ ಕಾಲದ ಚರ್ಚು ಓದುತ್ತಿತ್ತು. ಲೂಕ ಕಥೆ ಹೇಳುತ್ತಾನೆ, ಯೆಶಾಯ ಅದರೊಳಗೆ ಬಂದು ಕೂರುತ್ತಾನೆ. ಚಿತ್ರಕಾರ ಇಬ್ಬರನ್ನೂ ಒಂದೇ ಗೋಡೆಯ ಮೇಲೆ ಬರೆಯುತ್ತಾನೆ. ಹಾಗಾಗಿ ಮಧ್ಯಯುಗದ ಚಿತ್ರದಲ್ಲಿ ಒಂದು ವಿವರದ ಮೂಲ ಬೇಕಾದರೆ ಆ ಕಥೆಯ ಪುಟದಲ್ಲೇ ಹುಡುಕುತ್ತಾ ಕೂರಬಾರದು. ನಾಲ್ಕು ಪುಸ್ತಕ ಹಿಂದೆ ಹೋಗಬೇಕು.

ಹಬಕ್ಕೂಕ ಅನ್ನುವ ಇನ್ನೊಬ್ಬ ಪ್ರವಾದಿಯ ಪುಸ್ತಕದ್ದೂ ಒಂದು ಸಾಲಿದೆ. ಅದರ ಗ್ರೀಕ್ ಅನುವಾದದಲ್ಲಿ "ಎರಡು ಜೀವಿಗಳ ನಡುವೆ ನಿನ್ನನ್ನು ಗುರುತಿಸುತ್ತಾರೆ" ಎಂಬರ್ಥ ಬರುತ್ತೆ. ಹೀಬ್ರೂವಿನಲ್ಲಿ ಅಲ್ಲಿರುವುದು ವರ್ಷಗಳ ಮಾತು, ಪ್ರಾಣಿಗಳೇ ಇಲ್ಲ. ಆಮೇಲೆ ಮತ್ತಾಯನ ಹೆಸರು ಹಚ್ಚಿಕೊಂಡ ಇನ್ನೊಂದು ಸುವಾರ್ತೆ, ಅಂದರೆ ಯೇಸುವಿನ ಕಥೆ ಹೇಳುವ ಪುಸ್ತಕ, ಬಂತು. ಬೈಬಲ್‌ಗೆ ಸೇರದ ಪುಸ್ತಕ, ಆದರೆ ಯುರೋಪಿನಲ್ಲಿ ಮನೆಮಾತಾಗಿತ್ತು. ಅದರಲ್ಲಿ ಎತ್ತು ಮತ್ತು ಕತ್ತೆ ಮಗುವಿನ ಮುಂದೆ ಮೊಣಕಾಲೂರುತ್ತವೆ. ಜೊತೆಗೆ ಯೆಶಾಯ, ಹಬಕ್ಕೂಕ ಇಬ್ಬರ ಮಾತನ್ನೂ ಸಾಕ್ಷಿಗೆ ತರುತ್ತದೆ. ಎತ್ತು ಕತ್ತೆ ಚಿತ್ರಕ್ಕೆ ಬಂದದ್ದು ಆ ಪುಸ್ತಕದಿಂದ.

ಹಳೇ ಅಂಗಡಿ

ಮೇಡಂ, ಕೊನೆ ಸಾಲಿಗೆ ಮಾತ್ರ ನನ್ನ ತಕರಾರು. ಆ ಪುಸ್ತಕಕ್ಕಿಂತ ಚಿತ್ರವೇ ಹಳೆಯದು. ಮಿಲಾನ್‌ನ ಸಂತ ಅಂಬ್ರೋಜಿಯೊ ಚರ್ಚಿನಲ್ಲಿ 4ನೇ ಶತಮಾನದ ಕೊನೆಯ ಒಂದು ಕಲ್ಲಿನ ಶವಪೆಟ್ಟಿಗೆ ಇದೆ, ಸ್ಟಿಲಿಕೊ ಪೆಟ್ಟಿಗೆ ಅಂತ ಕರೆಯುತ್ತಾರೆ. ಅದರ ಒಂದು ಬದಿಯ ತ್ರಿಕೋನದಲ್ಲಿ ಬಟ್ಟೆ ಸುತ್ತಿದ ಮಗು, ಆ ಕಡೆ ಈ ಕಡೆ ಎತ್ತು ಕತ್ತೆ. ಅಷ್ಟೇ. ತಾಯಿಯೂ ಇಲ್ಲ, ಯೋಸೇಫನೂ ಇಲ್ಲ!

ಅಂದ್ರೆ ಮರಿಯ ಬರುವ ಮೊದಲೇ ಎತ್ತು ಬಂದು ಕೂತಿತ್ತು.

ಬಣ್ಣದ ಡಬ್ಬಿ

ಒಪ್ಪಿದೆ, ನನ್ನ ಮಾತು ತಪ್ಪು. ಎತ್ತನ್ನು ತಂದದ್ದು ಯೆಶಾಯನೇ. ಆ ಪುಸ್ತಕ ಆಮೇಲೆ ಅದಕ್ಕೊಂದು ಕಥೆ ಕಟ್ಟಿತು.

ಅನುಮಾನ ರಾಯ

ಎಲ್ಲಾ ಚೆನ್ನಾಗಿದೆ. ಆದರೆ ಕಂಡದ್ದಕ್ಕೆಲ್ಲ ಒಂದೊಂದು ವಚನ ಅಂಟಿಸುವ ಚಟ ಇದೆಯಲ್ಲ, ಅದು ನನಗೆ ಆಗುವುದಿಲ್ಲ. ಅದೇ ಚಾಪೆಲ್‌ನಲ್ಲಿ ಮಗು ಯೇಸುವನ್ನು ನೋಡಲು ಬಂದ ಜೋಯಿಸರನ್ನು ಜೊತ್ತೊ ಬರೆದ ಚಿತ್ರ ನೋಡಿ. ಮೇಲೆ ನಕ್ಷತ್ರದ ಬದಲು ಬೆಂಕಿಯುಂಡೆಗೆ ಬಾಲ ಬಂದಂತೆ ಧೂಮಕೇತು ಇದೆ. ಯಾವ ವಚನ ಅದು? 1301ರಲ್ಲಿ ಹ್ಯಾಲಿ ಧೂಮಕೇತು ಬಂದಿತ್ತು, ಅದನ್ನು ನೋಡಿಯೇ ಬರೆದದ್ದು ಅಂತ ಹಲವರು ಹೇಳುತ್ತಾರೆ. 1986ರಲ್ಲಿ ಹ್ಯಾಲಿಯ ಹತ್ತಿರ ಹೋದ ಯುರೋಪಿನ ನೌಕೆಗೆ ಜೊತ್ತೊ ಅಂತಲೇ ಹೆಸರಿಟ್ಟರು. ಚಿತ್ರಕಾರನಿಗೂ ಕಣ್ಣಿದೆ ಸ್ವಾಮಿ, ಬರೀ ಪುಸ್ತಕ ಅಲ್ಲ.

ಕುಡ್ಲದ ಬಾಯಿ

ಜೋಯಿಸರು ಅಂದಿರಲ್ಲ ರಾಯರೇ, ಖುಷಿಯಾಯಿತು. ಹಳೇ ಕನ್ನಡ ಬೈಬಲ್‌ನಲ್ಲಿ ಅವರು ಮೂಡಣ ದೇಶದ ಜೋಯಿಸರೇ. ಎಷ್ಟು ಮಂದಿ ಅಂತ ಮತ್ತಾಯ ಹೇಳಿಲ್ಲ. ಕಾಣಿಕೆ ಮೂರು, ಚಿನ್ನ, ಧೂಪ, ರಕ್ತಬೋಳ. ಹಾಗಾಗಿ ತಂದವರೂ ಮೂವರು ಅಂತ ಲೆಕ್ಕ ಹಾಕಿದರು. ನಾವು ಚಿಕ್ಕವರಿದ್ದಾಗ ಅವರು ರಾಜರೇ ಆಗಿದ್ದರು, ಕಿರೀಟ ಇಲ್ಲದಿದ್ದರೆ ನಾಟಕದಲ್ಲಿ ಯಾರೂ ಆ ಪಾತ್ರಕ್ಕೆ ಒಪ್ಪುತ್ತಿರಲಿಲ್ಲ.

ಬಣ್ಣದ ಡಬ್ಬಿ

ಕಿರೀಟ ಕೊಟ್ಟದ್ದು ಕೀರ್ತನೆಗಳು, ಬಾಯಿ. 72ನೇ ಕೀರ್ತನೆಯಲ್ಲಿ ಶೆಬದ, ಸೆಬದ ರಾಜರು ಕಾಣಿಕೆ ತರುತ್ತಾರೆ. ಯೆಶಾಯ 60ರಲ್ಲಿ ಅರಸರು ನಿನ್ನ ಬೆಳಕಿಗೆ ಬರುತ್ತಾರೆ, ಒಂಟೆಗಳ ಹಿಂಡು ಬರುತ್ತೆ, ಚಿನ್ನ ಮತ್ತು ಧೂಪ ತರುತ್ತಾರೆ ಅಂತ ಇದೆ. ತೀರಾ ಹಳೆಯ ಚಿತ್ರಗಳಲ್ಲಿ ಈ ಜೋಯಿಸರ ತಲೆ ಮೇಲೆ ಪರ್ಷಿಯದ ಕಡೆಯವರು ಹಾಕುವಂಥ ಟೋಪಿ ಇರುತ್ತೆ. 10ನೇ ಶತಮಾನದ ಹೊತ್ತಿಗೆ ಟೋಪಿ ಹೋಗಿ ಕಿರೀಟ ಬಂತು.

ರಾಯರೇ, ಧೂಮಕೇತು ನಿಮಗೆ ಬಿಟ್ಟೆ. ಆದರೆ ಅದೇ ಚಿತ್ರದ ಎಡಗಡೆ ಒಂಟೆ ಇದೆಯಲ್ಲ, ಅದು ನನ್ನದು.

ಕಾಫಿ ಸೋಸು

ಒಂಟೆ ಹಂಚಿಕೊಂಡ ಮೊದಲ ಚರ್ಚೆ ಇದೇ ಇರಬೇಕು 😄

ಹಳೇ ಅಂಗಡಿ

ಅನುವಾದದಿಂದ ಹುಟ್ಟಿದ ವಿವರಕ್ಕೆ ನನ್ನ ಪ್ರಕಾರ ಮೋಶೆಯೇ ದೊಡ್ಡ ಉದಾಹರಣೆ. ಹಳೆಯ ಒಡಂಬಡಿಕೆಯ ವಿಮೋಚನಕಾಂಡ 34ರಲ್ಲಿ ಪ್ರವಾದಿ ಮೋಶೆ ಬೆಟ್ಟ ಇಳಿದು ಬರುವಾಗ ಅವನ ಮುಖ ಹೊಳೆಯುತ್ತಿತ್ತು. ಅಲ್ಲಿರುವ ಹೀಬ್ರೂ ಕ್ರಿಯಾಪದ 'ಕರನ್'. ಅದು 'ಕೆರೆನ್' ಪದಕ್ಕೆ ಸಂಬಂಧಪಟ್ಟದ್ದು, ಕೆರೆನ್ ಅಂದರೆ ಕೋಡು. ಕ್ರಿ.ಶ. 400ರ ಆಸುಪಾಸಿನಲ್ಲಿ ಜೆರೋಮ್ ಲ್ಯಾಟಿನ್‌ಗೆ ತರುವಾಗ 'ಕೊರ್ನೂಟಾ' ಅಂತ ಇಟ್ಟ. ಕೋಡುಳ್ಳ ಮುಖ.

ಜೆರೋಮ್ ದಡ್ಡನಲ್ಲ. ಕೋಡು ಅಂದರೆ ಮಹಿಮೆ ಅಂತಲೇ ಅವನು ತಿಳಿದದ್ದು. ನಾವು "ಅವನಿಗೆ ಎರಡು ಕೋಡು ಮೂಡಿದವು" ಅಂತೀವಲ್ಲ, ಯಾರೂ ತಲೆ ಮುಟ್ಟಿ ನೋಡುವುದಿಲ್ಲ. ಆದರೆ ಚಿತ್ರಕಾರನ ಕಷ್ಟವೇ ಬೇರೆ. ಅವನು ನುಡಿಗಟ್ಟು ಬರೆಯೋಕೆ ಆಗಲ್ಲ, ಬರೆದರೆ ನಿಜವಾದ ಕೋಡೇ ಬರೆಯಬೇಕು. 11ನೇ ಶತಮಾನದ ಇಂಗ್ಲೆಂಡಿನ ಒಂದು ಹಸ್ತಪ್ರತಿಯಲ್ಲಿ ಮೋಶೆಗೆ ಕೋಡು ಬಂತು. ಆಮೇಲೆ ಹಿಡಿಯುವವರಿಲ್ಲ. ಫ್ರಾನ್ಸಿನ ದಿಜೋನ್‌ನಲ್ಲಿ 1400ರ ಸುಮಾರಿಗೆ ಕ್ಲಾಸ್ ಸ್ಲೂಟರ್ ಕೆತ್ತಿದ ಮೋಶೆಗೂ ಕೋಡು, ಅದಕ್ಕಿಂತ ನೂರು ವರ್ಷ ಈಚೆಗೆ ರೋಮ್‌ನಲ್ಲಿ ಮೈಕೆಲ್ಯಾಂಜೆಲೊ ಕೆತ್ತಿದ ಮೋಶೆಗೂ ಕೋಡು.

ತಮಾಷೆಯಾಗಿ ಕಾಣುತ್ತೆ. ಆದರೆ ಯಹೂದಿಗಳಿಗೇ ಕೋಡಿದೆ ಅಂತ ಅವಮಾನ ಮಾಡುವ ಚಿತ್ರಗಳೂ ಆ ಕಾಲದ ಯುರೋಪಿನಲ್ಲಿ ಇದ್ದವು ಅನ್ನುವುದನ್ನು ಮರೆಯುವ ಹಾಗಿಲ್ಲ.

ಮಲ್ಲೇಶ್ವರದ ಮಳೆ

ಅಬ್ಬಾ. ಒಂದು ಎತ್ತಿಗೆ ಕೇಳಿದರೆ ಇಡೀ ಕೊಟ್ಟಿಗೆ ಬಂತು. ಇನ್ನೊಂದು ಅನುಮಾನ. ಈ ಚಿತ್ರಕಾರರಿಗೆ ಇಷ್ಟೆಲ್ಲ ಹೇಗೆ ಗೊತ್ತಿತ್ತು? ಎಲ್ಲರೂ ಲ್ಯಾಟಿನ್ ಓದಿದ್ದರಾ?

ಬಣ್ಣದ ಡಬ್ಬಿ

ಎಲ್ಲರೂ ಓದಿರಲಿಲ್ಲ. ಕೆಲಸ ಕೊಟ್ಟ ಪಾದ್ರಿಗಳೋ ಮಠದವರೋ ಏನು ಬೇಕು ಅಂತ ಹೇಳುತ್ತಿದ್ದರು. ನೋಡಿ ಬರೆಯಲು ಹಳೆಯ ಚಿತ್ರಗಳಿದ್ದವು. ಜೋಡಿ ಕಥೆಗಳ ಪುಸ್ತಕಗಳೂ ಇದ್ದವು. 'ಬಡವರ ಬೈಬಲ್' ಅಂತ ಒಂದು. ಹೆಸರು ಹಾಗಿದ್ದರೂ ಬಡವರ ಕೈಗೆ ಎಟುಕಿದ್ದು ಕಮ್ಮಿ, ಜಾಸ್ತಿ ಬಳಸಿದವರು ಪಾದ್ರಿಗಳೇ. ಪುಟದ ನಡುವೆ ಯೇಸುವಿನ ಒಂದು ಪ್ರಸಂಗ, ಎರಡೂ ಪಕ್ಕದಲ್ಲಿ ಹಳೆಯ ಒಡಂಬಡಿಕೆಯ ಎರಡು ಪ್ರಸಂಗ, ಮೇಲೆ ಕೆಳಗೆ ನಾಲ್ವರು ಪ್ರವಾದಿಗಳು ಕೈಯಲ್ಲಿ ಬರಹದ ಪಟ್ಟಿ ಹಿಡಿದು ಇಣುಕುತ್ತಿರುತ್ತಾರೆ. ಯೇಸುವನ್ನು ಸಮಾಧಿ ಮಾಡುವ ಪುಟ ತೆಗೆದರೆ ಒಂದು ಕಡೆ ಅಣ್ಣಂದಿರು ಯೋಸೇಫನನ್ನು ಗುಂಡಿಗೆ ತಳ್ಳುತ್ತಿದ್ದಾರೆ, ಇನ್ನೊಂದು ಕಡೆ ಯೋನ ಮೀನಿನ ಬಾಯಿಗೆ ಹೋಗುತ್ತಿದ್ದಾನೆ. (ಇವನು ಆದಿಕಾಂಡದ ಯೋಸೇಫ, ಕಾರ್ಡಿನಲ್ಲಿ ತೂಕಡಿಸುವವನಲ್ಲ.)

ಹರಿಕಥೆಯಲ್ಲಿ ದಾಸರು ಒಂದು ಪ್ರಸಂಗದ ನಡುವೆ ಇನ್ನೊಂದನ್ನು ಎಳೆದು ತಂದು ಕಟ್ಟುತ್ತಾರಲ್ಲ, ಆ ತರಹ. ಕೇಳುವವನಿಗೆ ಎರಡೂ ಮೊದಲೇ ಗೊತ್ತಿರುತ್ತೆ. ಮಜಾ ಇರುವುದು ಕಟ್ಟುವುದರಲ್ಲಿ.

ಅನುಮಾನ ರಾಯ

ಓದಲು ಬಾರದವರಿಗೆ ಚಿತ್ರವೇ ಪುಸ್ತಕ ಅಂತ ಪೋಪ್ ಗ್ರೆಗರಿ ಕ್ರಿ.ಶ. 600ರಲ್ಲಿ ಮಾರ್ಸೇಲ್‌ನ ಬಿಷಪ್‌ಗೆ ಬರೆದಿದ್ದ. ಆ ಬಿಷಪ್ ಚಿತ್ರಗಳನ್ನು ಒಡೆಸಿದ್ದನಂತೆ. ಸರಿ, ಹಾಗಾದರೆ ಚಿತ್ರದ ಒಳಗೇ ಲ್ಯಾಟಿನ್ ಸಾಲು ಬರೆಯುತ್ತಾರಲ್ಲ, ಅದು ಯಾರಿಗೆ?

ಬಣ್ಣದ ಡಬ್ಬಿ

ಅಯ್ಯೋ, ಇದನ್ನು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆ.

ಮೊದಲು ಸಿಯೆನಾದ ಸಿಮೊನೆ ಮಾರ್ತೀನಿ. 1333ರ ಚಿತ್ರ, ಈಗ ಫ್ಲಾರೆನ್ಸ್‌ನ ಉಫೀತ್ಸಿ ಮ್ಯೂಸಿಯಂನಲ್ಲಿದೆ. ಯೇಸು ಹುಟ್ಟುತ್ತಾನೆ ಅಂತ ಮರಿಯಳಿಗೆ ಹೇಳಲು ಗಬ್ರಿಯೇಲ ದೂತ ಈಗಷ್ಟೇ ಇಳಿದಿದ್ದಾನೆ, ಅವನ ಮೇಲುವಸ್ತ್ರ ಇನ್ನೂ ಗಾಳಿಯಲ್ಲಿ ಹಾರುತ್ತಿದೆ. ಅವನ ಬಾಯಿಂದ ಮರಿಯಳ ಕಿವಿಯವರೆಗೆ ಒಂದು ಸಾಲು, ಲೂಕ 1:28. ಕೃಪೆ ತುಂಬಿದವಳೇ ನಮಸ್ಕಾರ, ಕರ್ತನು ನಿನ್ನ ಸಂಗಡ ಇದ್ದಾನೆ. ಬರೀ ಬಣ್ಣದಲ್ಲಿ ಬರೆದದ್ದಲ್ಲ. ಅಕ್ಷರಗಳನ್ನು ಸುಣ್ಣದಂಥ ಗಾರೆಯಲ್ಲಿ ಉಬ್ಬಿಸಿ ಮೇಲೆ ಚಿನ್ನದ ರೇಕು ಹಚ್ಚಿದ್ದಾನೆ. ಹಿಂದೆಯೂ ಚಿನ್ನ, ಅಕ್ಷರವೂ ಚಿನ್ನ. ನೇರ ನಿಂತರೆ ಮಸುಕು. ದೀಪ ಅಲುಗಾಡಿದರೆ ಮಾತು ಎದ್ದು ಬರುತ್ತೆ.

ಮರಿಯಳನ್ನು ನೋಡಿ. ಮೈ ಹಿಂದಕ್ಕೆ ಎಳೆದುಕೊಂಡು, ಸೆರಗನ್ನು ಕತ್ತಿನ ಹತ್ತಿರ ಬಿಗಿ ಹಿಡಿದಿದ್ದಾಳೆ. ಮುಂದಿನದೇ ವಚನ, 1:29: ಆ ಮಾತಿಗೆ ಅವಳು ತಳಮಳಗೊಂಡಳು. ಇನ್ನೊಂದು ಕೈಯಲ್ಲಿ ಪುಸ್ತಕ, ಓದುತ್ತಿದ್ದ ಪುಟ ತಪ್ಪಬಾರದು ಅಂತ ಹೆಬ್ಬೆರಳು ಸಿಕ್ಕಿಸಿದ್ದಾಳೆ. ಆ ಹೆಬ್ಬೆರಳು ಯಾವ ವಚನದಲ್ಲೂ ಇಲ್ಲ. ನನಗೆ ಆ ಚಿತ್ರದಲ್ಲಿ ಅದೇ ಅತಿ ಇಷ್ಟ.

ಈಗ ಯಾನ್ ವಾನ್ ಐಕ್. 1430ರ ದಶಕದ್ದು, ಈಗ ವಾಷಿಂಗ್ಟನ್‌ನಲ್ಲಿದೆ. ಅಲ್ಲೂ ಗಬ್ರಿಯೇಲನ ಮಾತು ಚಿನ್ನದ ಅಕ್ಷರದಲ್ಲಿ ಎಡದಿಂದ ಬಲಕ್ಕೆ ಹೋಗುತ್ತೆ. ಮರಿಯಳ ಉತ್ತರ, 'ಇಗೋ ನಾನು ಕರ್ತನ ದಾಸಿ', ತಲೆಕೆಳಗಾಗಿದೆ. ಓದುವವನು ಮೇಲಿದ್ದಾನೆ ಅಂತ! ಏಳು ಚಿನ್ನದ ಕಿರಣ ಮೇಲಿಂದ ಇಳಿಯುತ್ತಿವೆ, ಯೆಶಾಯ 11ರಿಂದ ಎಣಿಸುವ ಪವಿತ್ರಾತ್ಮನ ಏಳು ವರಗಳಿಗೆ. ನೆಲದ ಹಾಸಿನ ಮೇಲೆ ದಾವೀದ ಗೊಲ್ಯಾತನ ತಲೆ ತೆಗೆಯುತ್ತಿದ್ದಾನೆ, ಸಂಸೋನ ಗುಡಿ ಕೆಡವುತ್ತಿದ್ದಾನೆ. ಅಷ್ಟು ದೊಡ್ಡ ಯುದ್ಧವೆಲ್ಲ ಅವಳ ಕಾಲ ಕೆಳಗಿನ ಟೈಲ್ಸ್‌ನಲ್ಲಿ.

ಹಾಗಾಗಿ ರಾಯರೇ, ಒಂದು ಸಾಲು ಪಾದ್ರಿಗೆ, ಒಂದು ಸಾಲು ದೇವರಿಗೆ.

ಅನುಮಾನ ರಾಯ

ಸರಿ, ಇದಕ್ಕೆ ಸೋತೆ. ತಲೆಕೆಳಗು ಅಕ್ಷರ ಕೈ ತಪ್ಪಿ ಆಗುವಂಥದ್ದಲ್ಲ.

ಆದರೆ ಇಲಿಬೋನಿನ ವಿಷಯ ಬಿಡಲ್ಲ. ನ್ಯೂಯಾರ್ಕ್‌ನ ಕ್ಲಾಯ್ಸ್ಟರ್ಸ್ ಮ್ಯೂಸಿಯಂನಲ್ಲಿ ಮೆರೋಡ್ ಅಂತ ಮೂರು ಹಲಗೆಯ ಚಿತ್ರ ಇದೆ, 1430ರ ಆಸುಪಾಸು. ಬಲಗಡೆ ಯೋಸೇಫನ ಬಡಗಿ ಅಂಗಡಿ. ಮೇಜಿನ ಮೇಲೊಂದು ಇಲಿಬೋನು, ಕಿಟಕಿ ಹೊರಗಿನ ಹಲಗೆ ಮೇಲೆ ಇನ್ನೊಂದು. ಶಿಲುಬೆ ಅಂದರೆ ಸೈತಾನನಿಗೆ ಒಡ್ಡಿದ ಇಲಿಬೋನು ಅಂತ ಸಂತ ಅಗಸ್ಟೀನ್ ಹೇಳಿದ್ದ, ಅದಕ್ಕೇ ಇದು ಅಂತ 1945ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಪಿರೊ ಬರೆದರು. ಬಡಗಿ ಬೋನು ಮಾಡ್ತಾನೆ, ಮಾರಾಟಕ್ಕೆ ಕಿಟಕಿಯಲ್ಲಿ ಇಡ್ತಾನೆ. ಇಷ್ಟು ಸಾಲದಾ? ಅದೇ ಯೋಸೇಫ ಕೈಯಲ್ಲಿ ಹಲಗೆ ಹಿಡಿದು ತೂತು ಕೊರೆಯುತ್ತಿದ್ದಾನೆ. ಅದು ಕಾಲು ಕಾಸುವ ಪೆಟ್ಟಿಗೆಯ ಮುಚ್ಚಳ ಅಂತ ಒಬ್ಬರು, ಮೀನಿನ ಎರೆ ಡಬ್ಬಿ ಅಂತ ಒಬ್ಬರು, ದ್ರಾಕ್ಷಿ ಹಿಂಡುವ ಯಂತ್ರದ್ದು ಅಂತ ಇನ್ನೊಬ್ಬರು. ಒಂದು ಹಲಗೆಗೆ ಇಷ್ಟು ಜಗಳ.

ಬಣ್ಣದ ಡಬ್ಬಿ

ಹಲಗೆ ವಿಷಯದಲ್ಲಿ ನಾನು ನಿಮ್ಮ ಕಡೆ. ಬೋನಿನಲ್ಲಿ ಅಲ್ಲ. ನಡುವಿನ ಹಲಗೆಯಲ್ಲಿ ಅದೇ ಹೊತ್ತಿಗೆ ದೂತ ಬಂದು ಮರಿಯಳ ಮುಂದೆ ನಿಂತಿದ್ದಾನೆ. ದೇವರು ಮನುಷ್ಯನಾಗಿ ಇಳಿಯುವ ಗಳಿಗೆ. ಪಕ್ಕದ ಕೋಣೆಯಲ್ಲಿ ಬೋನು ತಯಾರಾಗುತ್ತಿದೆ. ಬಡಗಿ ಬೇಕಾದರೆ ಮಣೆ ಮಾಡಬಹುದಿತ್ತು, ಕುರ್ಚಿ ಮಾಡಬಹುದಿತ್ತು.

ಗೆಂಟ್ ಪಕ್ಕದವನು

ಬೆಲ್ಜಿಯಂನಲ್ಲಿದ್ದೇನೆ, ತಡವಾಗಿ ಬಂದೆ. ಇಷ್ಟು ಹೊತ್ತು ಯಾರೂ ಯೇಸುವಿನ ಗುರುತಾದ ಕುರಿಮರಿ ಬಗ್ಗೆ ಮಾತಾಡಿಲ್ಲ!

ಗೆಂಟ್‌ನ ಸಂತ ಬಾವೊ ಕ್ಯಾಥೆಡ್ರಲ್‌ನಲ್ಲಿರುವ ವಾನ್ ಐಕ್ ಸಹೋದರರ ದೊಡ್ಡ ಚಿತ್ರ, 1432ರದ್ದು. ಊರಿಂದ ಯಾರೇ ಬಂದರೂ ನಾನು ಕರೆದುಕೊಂಡು ಹೋಗುವ ಜಾಗ ಅದು. ನಡುವಿನ ಹಲಗೆಯಲ್ಲಿ ಹಸಿರು ಹುಲ್ಲು, ಬಲಿಪೀಠ, ಅದರ ಮೇಲೆ ನಿಂತ ಕುರಿಮರಿ. ಎದೆಯಿಂದ ರಕ್ತ ಸಣ್ಣ ಧಾರೆಯಾಗಿ ಪಾತ್ರೆಗೆ ಬೀಳುತ್ತಿದೆ. ಕುರಿಮರಿಗೆ ಅದರ ಪರಿವೆಯೇ ಇಲ್ಲ. ಪೀಠದ ಬಟ್ಟೆ ಮೇಲೆ ಯೋಹಾನ 1:29, 'ಇಗೋ ದೇವರ ಕುರಿಮರಿ'. ಮುಂದಿನ ಕಾರಂಜಿಯ ಕಲ್ಲಂಚಿನಲ್ಲಿ ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ 22ನೇ ಅಧ್ಯಾಯದ ಜೀವಜಲದ ಸಾಲು. ಎಲ್ಲಾ ಕಡೆ ವಚನವೇ.

ಆದರೆ ಕಥೆ ಇರುವುದು ಮುಖದಲ್ಲಿ. 16ನೇ ಶತಮಾನದಲ್ಲಿ ಯಾರೋ ಕುರಿಮರಿಯ ಮೇಲೆ ಹೊಸ ಬಣ್ಣ ಬಳಿದು ಸಾಧಾರಣ ಕುರಿಯಂತೆ ಮಾಡಿದ್ದರು. 1950ರ ಹೊತ್ತಿಗೆ ಸ್ವಲ್ಪ ಬಣ್ಣ ತೆಗೆದಾಗ ಹಳೆಯ ಕಿವಿಗಳು ಹೊರಗೆ ಬಂದವು. ಬಳಿದ ಕಿವಿಗಳೂ ಹಾಗೇ ಉಳಿದವು. ಸುಮಾರು 70 ವರ್ಷ ಆ ಕುರಿಮರಿಗೆ ನಾಲ್ಕು ಕಿವಿ! ಮೊನ್ನೆಯ ದುರಸ್ತಿಯಲ್ಲಿ ಪೂರ್ತಿ ತೆಗೆದು 2020ರ ಜನವರಿಯಲ್ಲಿ ವಾಪಸ್ ಇಟ್ಟರು. ಒಳಗಿದ್ದದ್ದು ಬೇರೆಯೇ ಮುಖ. ಎರಡೂ ಕಣ್ಣು ಮುಂದಕ್ಕೆ, ಹತ್ತಿರ ಹತ್ತಿರ, ಮನುಷ್ಯನ ಹಾಗೆ. ನೇರ ನಿಮ್ಮನ್ನೇ ನೋಡುತ್ತೆ. ಜನ ನಕ್ಕರು, ಫೋಟೊಗಳು ಎಲ್ಲಾ ಕಡೆ ಓಡಾಡಿದವು. ನಾನೂ ನಕ್ಕಿದ್ದೆ. ಎದುರು ನಿಂತಾಗ ನಗು ಬರಲಿಲ್ಲ.

ಅನುಮಾನ ರಾಯ

ನಿಲ್ಲಿ. ಪ್ರಕಟನೆ 5:6 ಓದಿ. ಆ ಕುರಿಮರಿಗೆ ಏಳು ಕೋಡು, ಏಳು ಕಣ್ಣು. ವಾನ್ ಐಕ್ ಅದನ್ನೇಕೆ ಬರೆಯಲಿಲ್ಲ?

ಹಳೇ ಅಂಗಡಿ

ಒಳ್ಳೆ ಏಟು ರಾಯರೇ. ಬರೆದವರೂ ಇದ್ದಾರೆ. 1498ರಲ್ಲಿ ಜರ್ಮನಿಯ ಚಿತ್ರಕಾರ ಡ್ಯೂರರ್ ಮರದಚ್ಚಿನಲ್ಲಿ ಪ್ರಕಟನೆ ಪುಸ್ತಕ ಮಾಡಿದಾಗ ಏಳು ಕೋಡು, ಏಳು ಕಣ್ಣು ಎಣಿಸಿ ಇಟ್ಟ. 10ನೇ ಅಧ್ಯಾಯದಲ್ಲಿ ಮೋಡ ಉಟ್ಟ ದೂತನ ಕಾಲು ಬೆಂಕಿ ಕಂಬದ ಹಾಗಿತ್ತು ಅಂತ ಇದೆ. ಡ್ಯೂರರ್ ದೂತನಿಗೆ ಕಾಲೇ ಬರೆಯಲಿಲ್ಲ. ಎರಡು ಕಂಬ ನಿಲ್ಲಿಸಿ, ತುದಿಗೆ ಬೆಂಕಿ ಹಚ್ಚಿ, ಮೇಲೆ ಮೋಡ ಸುತ್ತಿ, ಅದರ ಮೇಲೆ ಒಂದು ಮುಖ ಇಟ್ಟ. ಅಕ್ಷರಕ್ಕೆ ಅಕ್ಷರ. ಎದೆ ನಡುಗುತ್ತೆ, ಸ್ವಲ್ಪ ನಗುವೂ ಬರುತ್ತೆ.

ವಾನ್ ಐಕ್ ಬರೆದದ್ದು ಪೂಜೆ ನಡೆಯುವ ಪೀಠದ ಹಿಂದೆ ಇಡುವ ಚಿತ್ರ. ಅಲ್ಲಿ ಪಾದ್ರಿ ದಿನವೂ 'ದೇವರ ಕುರಿಮರಿ' ಅಂತ ಹೇಳುತ್ತಾನೆ. ಏಳು ಕಣ್ಣಿನ ಮರಿ ಅಲ್ಲಿ ಹೊಂದುವುದಿಲ್ಲ. ಯೋಹಾನನ ಮಾತು ಇಟ್ಟುಕೊಂಡು ಪ್ರಕಟನೆಯ ಮೈಕಟ್ಟು ಬಿಟ್ಟ. ಗ್ರಂಥದಿಂದ ತೆಗೆದುಕೊಳ್ಳುವುದು ಅಂದರೆ ಬಿಡುವುದೂ ಸೇರಿದೆ ಅಂತ ನನಗನಿಸುತ್ತೆ.

ಬಿಟ್ಟು ಗೆದ್ದವನು ಇನ್ನೊಬ್ಬ ಇದ್ದಾನೆ, ರಷ್ಯಾದ ಅಂದ್ರೇ ರುಬ್ಲೇವ್, 15ನೇ ಶತಮಾನದ ಮೊದಲ ಭಾಗ. ಆದಿಕಾಂಡ 18ರಲ್ಲಿ ಅಬ್ರಹಾಮನ ಗುಡಾರಕ್ಕೆ ಮೂವರು ಬರುತ್ತಾರೆ. ಹಳೆಯ ಚಿತ್ರಗಳಲ್ಲಿ ಅಬ್ರಹಾಮ ಬಡಿಸುತ್ತಾನೆ, ಸಾರಾ ಓಡಾಡುತ್ತಾಳೆ, ಆಳು ಕರು ಕೊಯ್ಯುತ್ತಾನೆ. ರುಬ್ಲೇವ್ ಎಲ್ಲರನ್ನೂ ಕಳಿಸಿಬಿಟ್ಟ. ಮೇಜು, ಒಂದು ಬಟ್ಟಲು, ಮೂವರು ದೂತರು. ಹಿಂದೆ ಒಂದು ಮನೆ, ಒಂದು ಮರ, ಒಂದು ಬೆಟ್ಟ. ಮೂವರು ಬಂದರೂ ಅಬ್ರಹಾಮ ಒಮ್ಮೆ ಏಕವಚನದಲ್ಲಿ ಮಾತಾಡಿಸುತ್ತಾನೆ, ಮರುಕ್ಷಣ ಬಹುವಚನದಲ್ಲಿ. ಮೂವರೂ ಒಬ್ಬನೇ ದೇವರು ಅಂತ ಓದಿದವರಿಗೆ ಆ ವ್ಯಾಕರಣವೇ ಆಧಾರ. ಕನ್ನಡದವರಿಗೆ ಇದು ಥಟ್ಟನೆ ಹೊಳೆಯಲ್ಲ, ನಾವು ಒಬ್ಬರಿಗೂ 'ನೀವು' ಅಂತೀವಲ್ವಾ.

ಕುಡ್ಲದ ಬಾಯಿ

ನಮ್ಮ ಊರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳೂ ನೆನಪಾದವು. ಇಟಲಿಯಿಂದ ಬಂದ ಮೊಸ್ಕೇನಿ ಬ್ರದರ್ 1900ರ ಸುಮಾರಿಗೆ ಬರೆದದ್ದು, ಮಧ್ಯಯುಗದ್ದಲ್ಲ, ಗೊತ್ತು. ಚಿಕ್ಕಂದಿನಲ್ಲಿ ಮೇಲೆ ನೋಡಿ ನೋಡಿ ಕತ್ತು ನೋಯುತ್ತಿತ್ತು. ಇನ್ನೊಮ್ಮೆ ಹೋದಾಗ ಕೈಯಲ್ಲಿ ಬೈಬಲ್ ಹಿಡಿದು ಹೋಗಬೇಕು.

ಮಲ್ಲೇಶ್ವರದ ಮಳೆ

ಮಗಳಿಗೆ ಎಲ್ಲಾ ಓದಿ ಹೇಳಿದೆ. ನಾಲ್ಕು ಕಿವಿಯ ಕುರಿ ಬರೆದು ಫ್ರಿಡ್ಜ್‌ಗೆ ಅಂಟಿಸಿದ್ದಾಳೆ. ಈಗ ಹೊಸ ಪ್ರಶ್ನೆ: ಕಾರ್ಡಿನಲ್ಲಿ ಎಲ್ಲರೂ ಎದ್ದಿದ್ದಾರೆ, ಯೋಸೇಫ ಒಬ್ಬನೇ ಏಕೆ ನಿದ್ದೆ ಮಾಡ್ತಿದ್ದಾನೆ? ಅದಕ್ಕೆ ಯಾವ ವಚನ?

ಬಣ್ಣದ ಡಬ್ಬಿ

ಮತ್ತಾಯನ ಮೊದಲೆರಡು ಅಧ್ಯಾಯದಲ್ಲಿ ದೇವರು ಯೋಸೇಫನ ಜೊತೆ ಮಾತಾಡುವುದೆಲ್ಲ ಕನಸಿನಲ್ಲಿ. ಹಾಗಾಗಿ ನಿದ್ದೆ ಅವನ ಗುರುತೇ ಆಗಿಬಿಟ್ಟಿತು ಅಂತ ಒಂದು ಮಾತು. ನಿದ್ದೆಯಲ್ಲ, ಇದೆಲ್ಲ ಹೇಗೆ ನಂಬಲಿ ಅಂತ ಚಿಂತೆ ಅಂತ ಇನ್ನೊಂದು.

ಅನುಮಾನ ರಾಯ

ಪುಟ್ಟಿಗೆ ನನ್ನ ಉತ್ತರವನ್ನೂ ಹೇಳಿ. ಪಾಪ, ಸುಸ್ತಾಗಿ ಮಲಗಿದ್ದಾನೆ. ಬಸುರಿ ಹೆಂಡತಿಯನ್ನು ಕತ್ತೆ ಮೇಲೆ ಕೂರಿಸಿಕೊಂಡು ನಜರೇತಿನಿಂದ ಬೆತ್ಲೆಹೇಮಿನವರೆಗೆ ನಡೆದುಕೊಂಡು ಬಂದಿದ್ದಾನೆ. ಇದಕ್ಕೆ ವಚನ ಯಾಕೆ ಬೇಕು?

ಹಳೇ ಅಂಗಡಿ

ರಾಯರೇ, ಆ ಕತ್ತೆ ಲೂಕನಲ್ಲಿ ಎಲ್ಲಿದೆ ಸ್ವಲ್ಪ ತೋರಿಸ್ತೀರಾ? ಪ್ರಯಾಣದಲ್ಲಿ ಕತ್ತೆ ಬರುವುದು ಯಾಕೋಬನ ಹೆಸರಿನ ಸುವಾರ್ತೆಯಲ್ಲಿ, ಅದು ಬೈಬಲ್‌ಗೆ ಸೇರಿಲ್ಲ. ನೀವೂ ಚಿತ್ರ ನೋಡಿಯೇ ಕಲಿತದ್ದು.

ಅನುಮಾನ ರಾಯ

ಲೂಕನನ್ನು ಎರಡು ಸಲ ಓದಿ ಬಂದೆ. ಕತ್ತೆ ಇಲ್ಲ.